ಕೊನೆಯ ಹಾಳೆಯ ಮೂರನೆಯ ಸಾಲು

ಗೌರಿ ಹಬ್ಬ ಮುಗಿದ ಮರುವಾರ ಮೇಜರಮ್ಮ ಒಂದು ಟವೆಲ್ಲಿನ ಗಂಟನ್ನು ತಂದು ನನ್ನ ಕೆಲಸದ ಮೇಜಿನ ಮೇಲಿಟ್ಟರು. ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ಮೇಜರ್ ಹುದ್ದೆಯಲ್ಲಿ ನಿವೃತ್ತರಾದವರು ಅವರು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಅವರ ಹೆಸರು ಹೇಳಿದರೆ ಯಾರೂ ಮನೆ ತೋರಿಸುವುದಿಲ್ಲ, ಮೇಜರಮ್ಮನ ಮನೆ ಅಂದರೆ ಸೊಪ್ಪಿನ ಗಾಡಿಯವನೂ ಬಾಗಿಲವರೆಗೆ ಬಿಟ್ಟುಬರುತ್ತಾನೆ. ನಾನು ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವವಳು ಎಂದು ಅವರಿಗೆ ಗೊತ್ತಿತ್ತು. ಆದರೂ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಒಳಗೆ ಬಂದವರಲ್ಲ.

"ಅಟ್ಟದ ಮೇಲೆ ಟ್ರಂಕಲ್ಲಿತ್ತು. ಈ ಸಲದ ಮಳೇಲಿ ಸೋರಿದೆ, ನಂಗೆ ಗೊತ್ತೇ ಆಗ್ಲಿಲ್ಲ. ಬಿಡಿಸಿಕೊಡ್ತೀಯೇನಮ್ಮ?" ಅಂದರು.

ಗಂಟು ಬಿಚ್ಚಿದೆ. ಒಳಗಿದ್ದದ್ದು ಉದ್ದನೆಯ ರಿಜಿಸ್ಟರ್ ಪುಸ್ತಕ, ಖಾಕಿ ಬಟ್ಟೆಯ ರಟ್ಟು. ನೀರು ಒಳಗೆ ಹೊಕ್ಕಿರಲಿಲ್ಲ, ಸುತ್ತಲಿನ ಅಂಚುಗಳನ್ನು ಮಾತ್ರ ಹಿಡಿದಿತ್ತು. ಹಿಂದಿನ ಕಾಲದ ಬೈಂಡಿಂಗಿಗೆ ಬಳಿಯುತ್ತಿದ್ದ ಸರೇಸು, ಅಂದರೆ ಚರ್ಮ ಮೂಳೆ ಕುದಿಸಿ ಮಾಡುವ ಅಂಟು, ಒದ್ದೆಯಾಗಿ ಕರಗಿ ಹಾಳೆಗಳ ಅಂಚಿಗೆಲ್ಲ ಇಳಿದು ಮತ್ತೆ ಒಣಗಿತ್ತು. ಹಾಗಾಗಿ ಹಾಳೆಗಳು ನಡುವೆ ಚೆನ್ನಾಗಿದ್ದರೂ ಸುತ್ತಲೂ ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಇಂಥವು ನನಗೆ ಹೊಸದೇನಲ್ಲ. ಹೆದರಬೇಡಿ, ಬಿಡಿಸೋಣ ಅಂದೆ. ಆ ಮಾತನ್ನು ಎಷ್ಟು ಸಲೀಸಾಗಿ ಅಂದೆ ಎಂಬುದು ಈಗಲೂ ನೆನಪಾಗಿ ಮೈ ಉರಿಯುತ್ತದೆ.

ಅದು ಬಾಂಗ್ಲಾ ಯುದ್ಧದ ಕಾಲದಲ್ಲಿ ಅವರು ಬರೆದಿಟ್ಟುಕೊಂಡ ಪದ್ಯಗಳ ಪುಸ್ತಕ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ, ಗಡಿಯ ಹತ್ತಿರದ ಡೇರೆ ಆಸ್ಪತ್ರೆಯಲ್ಲಿ ಕೆಲಸ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು, ಊರಿಂದ ಬಂದ ಮಾಸಪತ್ರಿಕೆಯಲ್ಲಿ ಓದಿದ್ದು, ಅವರಮ್ಮ ರಾಗಿ ಬೀಸುತ್ತಾ ಹೇಳುತ್ತಿದ್ದದ್ದು, ಹೀಗೆ ಇಷ್ಟವಾದದ್ದನ್ನೆಲ್ಲ ಖಾಲಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರಂತೆ.

"ಸಾಹಿತ್ಯಾಸಕ್ತಿ ಅಂದ್ಕೋಬೇಡ," ಅಂದರು. "ಗಾಡಿ ತುಂಬ ಗಾಯಾಳುಗಳು ಬರೋರು. ಬ್ಯಾಂಡೇಜ್ ಕಟ್ಟಿ ಮುಗಿಸಿದ ಮೇಲೆ ಕೈ ನಡುಗೋದು ನಿಲ್ತಾ ಇರ್ಲಿಲ್ಲ. ಬರೆದ್ರೆ ನಿಲ್ತಿತ್ತು. ಅದಕ್ಕೇ ಬರೀತಿದ್ದೆ."

ಕನ್ನಡ ತಿಳಿಯದ ಜವಾನರೂ ಓದಿ ಹೇಳಿ ಎಂದು ಕೇಳುತ್ತಿದ್ದರಂತೆ. ಅರ್ಥ ಬೇಕಿರಲಿಲ್ಲ, ಯಾರಾದರೂ ಪಕ್ಕದಲ್ಲಿ ಕೂತು ಮೆಲ್ಲಗೆ ಏನಾದರೂ ಹೇಳುತ್ತಿದ್ದರೆ ಸಾಕಾಗಿತ್ತು.

ಅವರಿಗೆ ಬೇಕಿದ್ದದ್ದು ಕೊನೆಯ ಹಾಳೆ. ಬಾಗಲಕೋಟೆ ಕಡೆಯ ಒಬ್ಬ ಜವಾನ ಎರಡೂ ಕೈ ಸುಟ್ಟುಕೊಂಡು ಬಂದಿದ್ದ. ಇವರು ಕನ್ನಡ ಓದುವುದನ್ನು ಕೇಳಿ, ನಂದೂ ಒಂದು ಬರಕೊಳ್ರಿ ಅಂದನಂತೆ. ಊರಿನ ಕಡೆಯ ಮಟ್ಟಿನಲ್ಲಿ, ತಂಗಿಯನ್ನು ಕುರಿತು, ತಾನೇ ಕಟ್ಟಿದ ಮೂರು ಸಾಲು ಹೇಳಿದ. ಮಾರನೆಯ ದಿನ ತೀರಿಕೊಂಡ. ಹಾಡಿನ ವಿಷಯ ಬರೆದು, ಮುಂದೆ ನಾನೇ ತಂದುಕೊಡುತ್ತೇನೆ ಎಂದು ಮೇಜರಮ್ಮ ಅವನ ಮನೆಗೆ ಕಾಗದ ಹಾಕಿದ್ದರು. ಆಮೇಲೆ ಊರಿಂದೂರಿಗೆ ವರ್ಗ, ಅವರದೇ ಸಂಸಾರದ ತಾಪತ್ರಯ. ಮತ್ತೆ ಬರೆಯುವ ಹೊತ್ತಿಗೆ ಆ ಊರೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಕಾಗದ ವಾಪಸ್ ಬಂತು. ಈ ವರ್ಷ ಆ ಕಡೆಯ ಪರಿಚಯದವರೊಬ್ಬರು ಹುಡುಕಿ ಹುಡುಕಿ ಆ ತಂಗಿಯನ್ನು ಪತ್ತೆ ಮಾಡಿದ್ದರು. ಆಕೆ ದಸರಾ ಕಳೆದು ಹತ್ತು ದಿನಕ್ಕೆ ಬೆಂಗಳೂರಿಗೆ ಬರುವವರಿದ್ದರು.

"ಆ ಮೂರು ಸಾಲು ನಿಮಗೆ ಬಾಯಿಗೆ ಬರುತ್ತಾ?" ಎಂದು ಕೇಳಿದೆ.

"ಇಲ್ಲಮ್ಮ. ಬರೆದಿಟ್ಟಿದೀನಲ್ಲ ಅಂತ ನೆನಪಿಟ್ಕೊಳ್ಳೋಕೇ ಹೋಗ್ಲಿಲ್ಲ."

ಕೆಲಸ ಶುರುವಾಯಿತು. ಬ್ಲಾಟಿಂಗ್ ಕಾಗದವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಪುಸ್ತಕದ ಮೂರು ಅಂಚಿಗೂ ಒತ್ತಿಡಬೇಕು. ಇಪ್ಪತ್ತು ನಿಮಿಷಕ್ಕೆ ಮೇಲಿನ ಒಂದೆರಡು ಹಾಳೆಗಳ ಸರೇಸು ಮೆತ್ತಗಾಗುತ್ತದೆ. ಆಗ ತೆಳ್ಳಗೆ ಸೀಳಿದ ಬಿದಿರ ಕಡ್ಡಿಯನ್ನು ನುಗ್ಗಿಸಿ, ಉಸಿರು ಬಿಗಿಹಿಡಿದು, ಅಂಚಿನುದ್ದಕ್ಕೂ ಎಳೆಯಬೇಕು. ಬಿಟ್ಟ ಹಾಳೆಯ ಫೋಟೋ ತೆಗೆದು, ಒಣ ಬ್ಲಾಟಿಂಗ್ ನಡುವೆ ಇಟ್ಟು, ತಿರುಪು ಬಿಗಿಸುವ ಕಬ್ಬಿಣದ ಪ್ರೆಸ್ಸಿನಲ್ಲಿ ಒತ್ತಿ, ಎರಡೆರಡು ಗಂಟೆಗೆ ಬ್ಲಾಟಿಂಗ್ ಬದಲಿಸಬೇಕು. ಬದಲಿಸದಿದ್ದರೆ ಅಂಚಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಒಳಕ್ಕೆ ನಡೆಯುತ್ತದೆ. ಇದು ಈ ಕೆಲಸದ ಮೊದಲ ಪಾಠ.

ದಿನಕ್ಕೆ ನಾಲ್ಕು ಹಾಳೆ, ಒಳ್ಳೆಯ ದಿನ ಆರು. ಮುಂದಿನ ಭಾಗವೆಲ್ಲ ಆಸ್ಪತ್ರೆಯ ಕಪ್ಪು ಶಾಯಿಯಲ್ಲಿತ್ತು, ಅದು ನೀರಿಗೆ ಜಗ್ಗುವಂಥದ್ದಲ್ಲ. ಹಿಂದಿನ ಹಾಳೆಗಳಲ್ಲಿ ಶಾಯಿ ಮುಗಿದು ಪೆನ್ಸಿಲ್ ಬಂದಿತ್ತು. ಬೂದು ಬಣ್ಣ, ಸಾಧಾರಣ ಪೆನ್ಸಿಲ್ಲಿನಂತೆಯೇ ಕಾಣುತ್ತಿತ್ತು. ಒಂದು ಚುಕ್ಕೆಗೆ ಸೂಜಿಮೊನೆಯಷ್ಟು ನೀರು ತಾಗಿಸಿ ನೋಡಿದೆ. ತಕ್ಷಣ ನೇರಳೆಯಾಯಿತು. ಕಾಪಿಂಗ್ ಪೆನ್ಸಿಲ್. ಗಾಯಾಳುಗಳ ಕೊರಳಿಗೆ ಕಟ್ಟುವ ಚೀಟಿಯನ್ನು ಅದರಲ್ಲೇ ಬರೆಯುತ್ತಿದ್ದರು ಎಂದು ಮೇಜರಮ್ಮ ಹೇಳಿದರು. ಒಣಗಿದ್ದಷ್ಟು ಕಾಲ ಅದು ಕಲ್ಲಿನ ಹಾಗೆ ಇರುತ್ತದೆ, ತೇವ ತಾಗಿದರೆ ಬಣ್ಣ ಬಿಡುತ್ತದೆ. ಹಾಗಾಗಿ ಕೊನೆಯ ಎಂಟು ಹಾಳೆಗಳಿಗೆ ಪಟ್ಟಿಯನ್ನು ಇನ್ನಷ್ಟು ಹಿಂಡಿ, ಹತ್ತೇ ನಿಮಿಷ ಇಟ್ಟು ತೆಗೆಯುತ್ತಿದ್ದೆ. ಏಳು ಹಾಳೆ ಹೀಗೆ ಒಂದು ಕಲೆಯೂ ಇಲ್ಲದೆ ಬಿಟ್ಟುಕೊಂಡವು. ಉಳಿದದ್ದು ಕೊನೆಯ ಹಾಳೆ. ಅದು ಹಿಂದಿನ ರಟ್ಟಿಗೆ ಮೂರೂ ಕಡೆ ಕಚ್ಚಿಕೊಂಡಿತ್ತು, ಬರಹ ರಟ್ಟಿನ ಕಡೆಗಿತ್ತು. ಫೋಟೋ ತೆಗೆಯುವುದಕ್ಕೂ ಉಪಾಯವಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು.

ಬಳೇಪೇಟೆಯಲ್ಲಿ ನಮ್ಮಪ್ಪನ ಬೈಂಡಿಂಗ್ ಅಂಗಡಿ ಇದ್ದಾಗಿನಿಂದ ಒಂದು ಪದ್ಧತಿ ನಡೆದುಬಂದಿದೆ. ಪ್ರೆಸ್ಸನ್ನು ಖಾಲಿ ಬಿಟ್ಟು ಪೂಜೆ ಮಾಡುವಂತಿಲ್ಲ. ಆ ವರ್ಷ ಅಂಗಡಿಗೆ ಬಂದ ಪುಸ್ತಕಗಳಲ್ಲಿ ಯಾವುದು ದೊಡ್ಡದು ಅನ್ನಿಸುತ್ತದೋ ಅದನ್ನು ಅದರೊಳಗಿಟ್ಟು, ತಿರುಪು ಬಿಗಿಸಿ, ಕಬ್ಬಿಣದ ಚಕ್ರಕ್ಕೆ ವಿಭೂತಿ ಎಳೆದು ಹೂವು ಮುಡಿಸಬೇಕು. ಆಮೇಲೆ ಮಾರನೆಯ ದಿನ ಮಧ್ಯಾಹ್ನದ ಮಂಗಳಾರತಿಯವರೆಗೆ ಪ್ರೆಸ್ಸನ್ನಾಗಲಿ ಒಂದು ಸೂಜಿಯನ್ನಾಗಲಿ ಯಾರೂ ಮುಟ್ಟುವುದಿಲ್ಲ. ಅಪ್ಪ ಹೋದ ಮೇಲೂ ಅವರ ಕಾಲದ ಮೇಸ್ತ್ರಿ ನನ್ನ ಜೊತೆಗೇ ಉಳಿದಿದ್ದಾರೆ, ಪೂಜೆಯ ಉಸ್ತುವಾರಿ ಅವರದು.

ಆ ದಿನ ಬೆಳಿಗ್ಗೆ ನಾನು ಕೊನೆಯ ಹಾಳೆಯ ಅಂಚಿಗೆ ಪಟ್ಟಿ ಇಟ್ಟಿದ್ದೆ. ಮೇಲಿನ ಅಂಚು ಬಿಟ್ಟಿತು, ಪಕ್ಕದ್ದು ಅರ್ಧ ಬಿಟ್ಟಿತು. ಕೆಳಗಿನದು ಹಟ ಹಿಡಿಯಿತು. ಮತ್ತೊಮ್ಮೆ ಇಟ್ಟೆ, ಮಗುದೊಮ್ಮೆ ಇಟ್ಟೆ. ಸರೇಸು ಜೆಲ್ಲಿಯಂತೆ ಊದಿಕೊಂಡಿತ್ತು, ಬಿಡಲಿಲ್ಲ. ಹನ್ನೆರಡು ಗಂಟೆಗೆ ಮೇಸ್ತ್ರಿ ಸೇವಂತಿಗೆ ಹಾರ ಹಿಡಿದು ಬಂದರು.

"ಈ ವರ್ಷ ಯಾವ್ದಮ್ಮ ಪ್ರೆಸ್ಸಿಗೆ?"

"ಇದೇ," ಅಂದೆ.

ಅವರು ಬೆರಳಿಂದ ಅಂಚು ಮುಟ್ಟಿ ನೋಡಿದರು. "ತೇವ ಐತಲ್ಲಮ್ಮ. ಬೇರೆ ಯಾವ್ದಾದ್ರೂ ಇಡೋಣ್ವಾ?"

"ಬ್ಲಾಟಿಂಗ್ ಇಡ್ತೀನಿ. ಒಂದು ದಿನ ತಾನೇ."

ಇದರಲ್ಲಿ ಇನ್ನೊಬ್ಬರ ಮೇಲೆ ಹಾಕುವುದಕ್ಕೆ ನನಗೆ ಏನೂ ಇಲ್ಲ. ನಾನು ಅಂಥ ದೈವಭಕ್ತಳೂ ಅಲ್ಲ. ಆ ಪುಸ್ತಕದ ಮೇಲೆ ನನಗೆ ಮಮತೆ ಹುಟ್ಟಿಬಿಟ್ಟಿತ್ತು, ಅದರ ಜೊತೆ ಜಂಬವೂ ಸೇರಿತ್ತು. ಇಂಥ ಪುಸ್ತಕ ಅಪ್ಪನ ಪ್ರೆಸ್ಸಿಗೆ ಎಂದೂ ಬಂದಿರಲಾರದು ಅಂದುಕೊಂಡೆ. ಅದಕ್ಕೆ ಮರ್ಯಾದೆ ಮಾಡಬೇಕು ಅನ್ನಿಸಿತು. ದಪ್ಪ ಬ್ಲಾಟಿಂಗ್ ಎರಡು ಹೆಚ್ಚಿಗೆ ಇಟ್ಟು ನಾನೇ ತಿರುಪು ಬಿಗಿಸಿದೆ. ಮೇಸ್ತ್ರಿ ವಿಭೂತಿ ಎಳೆದರು.

ಸಂಜೆ ಜಡಿಮಳೆ ಹಿಡಿಯಿತು. ಗೋಡೆಯ ಕ್ಯಾಲೆಂಡರ್ ಕೂಡ ಮೆತ್ತಗಾಗಿ ಬಾಗಿತ್ತು. ಎರಡು ಸಲ ಪ್ರೆಸ್ಸಿನ ಹತ್ತಿರ ಹೋದೆ. ಚಕ್ರದ ಮೇಲೆ ಕೈಯಿಟ್ಟರೆ ಹೂವಿನ ತಣ್ಣನೆ ತಾಗಿತು. ಈಗ ತಿರುಗಿಸಿದರೆ ಹಾರ ಹರಿಯುತ್ತದೆ, ಮೇಸ್ತ್ರಿ ಏನಂದುಕೊಳ್ಳುತ್ತಾರೋ, ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ, ಹೀಗೆಲ್ಲ ಯೋಚಿಸಿ ಕೈ ತೆಗೆದೆ. ಹಾರ ಹರಿದಿದ್ದರೆ ಹತ್ತು ರೂಪಾಯಿಯ ದಾರದಲ್ಲಿ ಮತ್ತೆ ಕಟ್ಟಬಹುದಿತ್ತು.

ಮರುದಿನ ಮಂಗಳಾರತಿ ಮುಗಿದ ತಕ್ಷಣ ತಿರುಪು ಸಡಿಲಿಸಿದೆ. ಬ್ಲಾಟಿಂಗ್ ತೆಗೆಯುವಾಗಲೇ ಅದರ ಕೆಳಗಿನ ಮೂಲೆಯಲ್ಲಿ ನೇರಳೆ ಕಂಡಿತು. ಹಾಳೆ ಈಗ ತಾನಾಗಿಯೇ ಬಿಟ್ಟುಕೊಂಡಿತ್ತು, ಕಡ್ಡಿಯೂ ಬೇಕಾಗಲಿಲ್ಲ. ತಿರುಗಿಸಿ ನೋಡಿದರೆ ಬರಹವಿರಲಿಲ್ಲ. ಇಡೀ ಪುಟ ಬೇಯಿಸಿದ ಬೀಟ್‌ರೂಟಿನ ನೀರು ಚೆಲ್ಲಿದ ಹಾಗೆ ನೇರಳೆಯಾಗಿತ್ತು. ಮೇಸ್ತ್ರಿ ಬಂದು ನೋಡಿದರು. ಅವರು ಒಂದು ಮಾತು ಬೈದಿದ್ದರೂ ನನಗೆ ಹಗುರವಾಗುತ್ತಿತ್ತು. ಪ್ರಸಾದದ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಹೊರಗೆ ಹೋಗಿ ಕೂತರು.

ಎರಡು ದಿನ ಪ್ರಯತ್ನಿಸಿದೆ. ಬಣ್ಣ ಹೋದರೂ ಪೆನ್ಸಿಲ್ ಒತ್ತಿದ ಗೆರೆಯ ತಗ್ಗು ಕಾಗದದಲ್ಲಿ ಉಳಿದಿರುತ್ತದೆ. ಕಿಟಕಿ ಮುಚ್ಚಿ, ಟಾರ್ಚನ್ನು ಹಾಳೆಯ ಮಟ್ಟಕ್ಕೇ ಅಡ್ಡಡ್ಡ ಹಿಡಿದರೆ ತಗ್ಗುಗಳಲ್ಲಿ ನೆರಳು ಬೀಳುತ್ತದೆ. ಮೊದಲ ಸಾಲು ಹೀಗೆ ಸಿಕ್ಕಿತು. ಎರಡನೆಯದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ಹೊಲದಾಗ ಹೊತ್ತೇರಿ ನೆಳ್ಳೆಲ್ಲ ಕಿರಿದಾತು
ಬುತ್ತೀಯ ತಂದ್ಯಲ್ಲ ನನ ತಂಗಿ, ಇನಮ್ಯಾಲ

ಮೂರನೆಯ ಸಾಲು ಪುಟದ ತೀರ ಕೆಳಗಿತ್ತು, ಕೆಳಗಿನ ಅಂಚಿನ ಊದಿದ ಸರೇಸಿಗೆ ತಾಗಿದಂತೆ. ಅಲ್ಲಿ ತೇವ ಎಲ್ಲಕ್ಕಿಂತ ಹೆಚ್ಚಿತ್ತು. ಒದ್ದೆ ಕಾಗದವನ್ನು ಒಂದು ದಿನ ಪೂರ್ತಿ ಪ್ರೆಸ್ಸಿನಲ್ಲಿ ಬಿಗಿದರೆ ತಗ್ಗುಗಳೂ ಸಮತಟ್ಟಾಗುತ್ತವೆ. ಟಾರ್ಚನ್ನು ಯಾವ ಕಡೆಯಿಂದ ಹಿಡಿದರೂ ಅಲ್ಲಿ ಅಕ್ಷರದ ಒಂದು ಕೊಂಬೂ ಕಾಣಲಿಲ್ಲ. ತಿಳಿದವರಿಬ್ಬರಿಗೆ ಫೋನ್ ಮಾಡಿದೆ, ಅಳಿಸಿದ ಬರಹ ಓದುವ ಯಂತ್ರವಿರುವ ಕಡೆಗೆ ಒಯ್ದು ತೋರಿಸಿದೆ. ಎಲ್ಲರೂ ಆಗದೆಂದು ತಲೆಯಾಡಿಸಿದರು.

ಮೇಜರಮ್ಮನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪುಟವನ್ನು ತೊಡೆಯ ಮೇಲಿಟ್ಟುಕೊಂಡರು.

"ನನ್ನ ಪುಸ್ತಕಕ್ಕೆ ಪೂಜೆ ಮಾಡು ಅಂತ ನಾನು ಕೇಳಿದ್ನಾ?" ಅಂದರು. ದನಿ ಏರಿರಲಿಲ್ಲ. "ನಮ್ಮನೇಲಿ ಬುದ್ಧನ ಫೋಟೋ ಒಂದು ಬಿಟ್ರೆ ಬೇರೇನಿಲ್ಲ. ಅದಕ್ಕೂ ಹೂವು ಹಾಕೋದಿಲ್ಲ ನಾನು. ಪುಸ್ತಕ ಇರೋದು ಓದೋಕೆ ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು. ಅವರಿಗೆ ಪುಸ್ತಕ ಮುಟ್ಟೋಕೇ ಬಿಡ್ತಿರ್ಲಿಲ್ಲ ಚಿಕ್ಕಂದ್ರಲ್ಲಿ."

ತಪ್ಪಾಯಿತು ಅಂದೆ, ಆ ಮಾತು ನನಗೇ ಹಳಸಲಾಗಿ ಕೇಳಿತು.

ಎರಡು ದಿನ ಬಿಟ್ಟು ಅವರೇ ನನ್ನಲ್ಲಿಗೆ ಬಂದರು. ಕಣ್ಣು ಊದಿಕೊಂಡಿತ್ತು. ಎಷ್ಟು ತಿಣುಕಿದರೂ ಮೂರನೆಯ ಸಾಲು ನೆನಪಿಗೆ ಬರಲಿಲ್ಲವಂತೆ. ಅವನ ಮುಖ ನೆನಪಿದೆ, ಬೆಡ್ಡಿನ ಪಕ್ಕದ ಬಕೆಟ್ಟು ನೆನಪಿದೆ, ಸಾಲು ಮಾತ್ರ ಇಲ್ಲ.

"ನಾನೊಂದು ಸಾಲು ಕಟ್ಟಿದೀನಿ, ಕೇಳು," ಅಂದರು. "ಬಿಸಿಲಾಗ ನೀನು ಬರಬ್ಯಾಡ. ಸರಿಯಾಗಿ ಕೂಡುತ್ತಲ್ವಾ?"

ಕೂಡುತ್ತಿತ್ತು. ಆ ಮಟ್ಟಿಗೆ ಅದು ಎಷ್ಟು ಚೆನ್ನಾಗಿ ಕೂಡುತ್ತಿತ್ತು ಅಂದರೆ, ಅದೇ ಇದ್ದಿರಬಹುದು ಅಂತ ಒಂದು ಕ್ಷಣ ನಾನೂ ನಂಬಿದೆ.

"ಇನ್ನೊಂದು ಹಾಳೇಲಿ ಮೂರೂ ಸಾಲು ಬರೆದು ಸೇರಿಸಿಬಿಡು. ನಂಗೀಗ ಕೈ ನಡುಗುತ್ತೆ. ನಿಂಗೆ ನನ್ನ ಅಕ್ಷರ ಅಚ್ಚು ಹಾಕ್ದಂಗೆ ಬರುತ್ತೆ, ಬಿಡಿಸಿದ ಹಾಳೆ ನಕಲು ಮಾಡಿದ್ಯಲ್ಲ, ನೋಡಿದೀನಿ. ಆಯಮ್ಮಂಗೆ ಓದೋಕೂ ಬರಲ್ಲಂತೆ."

ಮೇಸ್ತ್ರಿಯ ಹಳೆಯ ಪೆಟ್ಟಿಗೆಯಲ್ಲಿ ಬೆರಳುದ್ದದ ಒಂದು ತುಂಡು ಕಾಪಿಂಗ್ ಪೆನ್ಸಿಲ್ ಇತ್ತು. ಅದೇ ರಿಜಿಸ್ಟರಿನ ಮೊದಲಿಗೆ ಬರೆಯದೆ ಬಿಟ್ಟ ಖಾಲಿ ಹಾಳೆಗಳೂ ಇದ್ದವು. ಅವರು ಹೋದ ಮೇಲೆ ಬೇರೆ ಚೂರಿನ ಮೇಲೆ ಅಭ್ಯಾಸ ಮಾಡಿದೆ, ಆಮೇಲೆ ಖಾಲಿ ಹಾಳೆಯ ಮೇಲೇ ಬರೆದೆ. ಐದನೆಯ ಸಲಕ್ಕೆ ಯಾರೂ ಗುರುತು ಹಿಡಿಯದ ಹಾಗೆ ಬಂತು. ಅಂಚನ್ನು ಚಹಾದ ಡಿಕಾಕ್ಷನ್ನಿನಲ್ಲಿ ತುಸು ಹಳೆಯದು ಮಾಡಿದೆ. ನನ್ನ ಕಸುಬಿನ ಎಲ್ಲ ಜಾಣತನವೂ ಅದರಲ್ಲಿತ್ತು. ನೋಡಿದರೆ ಸಮಾಧಾನವಾಗುವಂತಿತ್ತು, ನನ್ನ ತಪ್ಪು ಎಲ್ಲಿಯೂ ಕಾಣುತ್ತಿರಲಿಲ್ಲ.

ಮಾರನೆಯ ದಿನ ಅದನ್ನು ಹೊಲಿಯಬೇಕೆಂದು ಸೂಜಿಗೆ ದಾರ ಪೋಣಿಸಿ ಕೂತೆ. ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡೆ. ಬಿಸಿಲಿನಲ್ಲಿ ಬರಬೇಡ. ಆ ತಂಗಿ ಇದನ್ನು ಕೇಳಿ ಊರಿಗೆ ಹೋಗುತ್ತಾರೆ, ಮಕ್ಕಳಿಗೆ ಹೇಳುತ್ತಾರೆ, ಸಾಯುವವರೆಗೆ ಹಾಡಿಕೊಳ್ಳುತ್ತಾರೆ. ಅವನು ಹಾಗೆ ಅಂದಿದ್ದನೋ ಇಲ್ಲವೋ ಯಾರಿಗೆ ಗೊತ್ತು. ಸತ್ತವನ ಬಾಯಲ್ಲಿ ನಾವಿಬ್ಬರು ಹೆಂಗಸರು ಚಾಮರಾಜಪೇಟೆಯಲ್ಲಿ ಕೂತು ಮಾತು ತುರುಕಿದ್ದೆವು, ಅದೂ ನನ್ನ ಮುಖ ಉಳಿಸುವುದಕ್ಕೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಹಾಳೆಯನ್ನು ಹರಿದು ಹಾಕಿದೆ. ನೇರಳೆ ಕಲೆಯ ಮೂಲ ಹಾಳೆಯನ್ನು ಅದರ ಜಾಗದಲ್ಲೇ ಹೊಲಿದೆ.

ಹೇಳಿದಾಗ ಮೇಜರಮ್ಮನಿಗೆ ಸಿಟ್ಟು ಬಂತು. "ಸುಳ್ಳು ಹೇಳೋದು ನಂಗೇನು ಹೊಸದಾ? ನಾಳೆ ಮನೆಗೆ ಕಳಿಸ್ತೀವಿ ಅಂತ ಎಷ್ಟು ಜನಕ್ಕೆ ಹೇಳಿಲ್ಲ ಅಲ್ಲಿ."

"ಅವರು ಅವತ್ತೇ ತೀರಿಕೊಂಡ್ರು ಮೇಡಂ. ಈ ತಂಗಿ ಇನ್ನೂ ಬದುಕಿರ್ತಾರೆ."

ಅವರು ಎದ್ದರು. ಬಾಗಿಲಿಗೆ ಹೋದವರು ತಿರುಗಿ, "ಹಾಗಾದ್ರೆ ನೀನೇ ಹೇಳ್ಬೇಕು. ನನ್ನ ಕೈಲಿ ಆಗಲ್ಲ," ಅಂದರು.

ಆ ತಂಗಿ ಒಂದು ಭಾನುವಾರ ಬೆಳಿಗ್ಗೆ ಬಂದರು. ಅರವತ್ತು ದಾಟಿದ ಹೆಂಗಸು, ಇಳಕಲ್ ಸೀರೆ, ಕೈಯಲ್ಲಿ ರೊಟ್ಟಿಯ ಗಂಟು. ಬಸ್ಸಿನಿಂದ ಇಳಿದು ನೇರ ಮೇಜರಮ್ಮನ ಮನೆಗೇ ಬಂದಿದ್ದರು. ಪುಸ್ತಕ ಹಿಡಿದು ನಾನೂ ಅಲ್ಲೇ ಕಾದಿದ್ದೆ. ಆಕೆ ಮೇಜರಮ್ಮನ ಎರಡೂ ಕೈ ಹಿಡಿದುಕೊಂಡು, "ಕಡೀಕ ನೀರು ಕುಡಿಸಿದಾಕಿ ನೀವ ಏನ್ರಿ?" ಎಂದು ಕೇಳಿದರು. ಮೇಜರಮ್ಮ ಹೌದೆಂದು ತಲೆಯಾಡಿಸಿದರು.

ಕಿಟಕಿ ಮುಚ್ಚಿ, ಪುಸ್ತಕ ತೆರೆದು, ಟಾರ್ಚನ್ನು ಅಡ್ಡ ಹಿಡಿದು ನಾನು ಓದಿದೆ. ಮೊದಲ ಸಾಲು. ಎರಡನೆಯ ಸಾಲು. ನನ ತಂಗಿ ಅನ್ನುವಲ್ಲಿ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇನಮ್ಯಾಲ..." ಅಂದರು. "ಮುಂದ?"

"ಮುಂದೆ ಒಂದು ಸಾಲಿತ್ತು. ಅದು ಹೋಯ್ತು. ನನ್ನ ಕೈಯಿಂದ ಹೋಯ್ತು," ಅಂದೆ. ಪ್ರೆಸ್ಸು, ಪೂಜೆ, ತೇವ ಎಲ್ಲವನ್ನೂ ಹೇಳಿದೆ. ಪುಸ್ತಕ ಇವರ ಮನೆಯಲ್ಲಿ ಐವತ್ತು ವರ್ಷ ಸುರಕ್ಷಿತವಾಗಿತ್ತು, ನನ್ನಲ್ಲಿ ಒಂದು ದಿನ ಇರಲಿಲ್ಲ ಅಂದೆ.

"ಯಾರಿಗೂ ನೆನಪಿಲ್ಲೇನ್ರಿ?"

ಮೇಜರಮ್ಮ ಇಲ್ಲ ಎಂದರು. ಆ ಒಂದು ಶಬ್ದ ಹೇಳುವುದಕ್ಕೆ ಅವರು ಪಟ್ಟ ಕಷ್ಟವನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

ಆಕೆ ನೇರಳೆ ಪುಟದ ಕೆಳಭಾಗವನ್ನು ಬೆರಳಿಂದ ತೋರಿಸಿ, "ಇಲ್ಲಿತ್ತೇನ್ರಿ?" ಅಂದರು. ಹೌದು ಅಂದೆ.

"ನಾ ಆಗ ಹನ್ನೊಂದು ವರ್ಷದಾಕಿ," ಎಂದು ಆಕೆ ಪುಟವನ್ನೇ ನೋಡುತ್ತಾ ಹೇಳಿದರು. "ಅಣ್ಣ ರಜಾದಾಗ ಬಂದಿದ್ದ. ಹೊಲಕ್ಕ ಬುತ್ತಿ ಒಯ್ಯೂದು ತಡಾ ಮಾಡಿದೆ ಅಂತ ಬೈದ. ನಾ ಸಿಟ್ಟಾಗಿ ಅವನ ಕೂಡ ಮಾತ ಬಿಟ್ಟೆ. ಎರಡ ದಿನಕ್ಕ ತಾರ ಬಂತು, ದಂಡಿಗಿ ಹ್ವಾದ. ಬಸ್ಸಿನ ತನಕಾನೂ ನಾ ಮಾತಾಡಲಿಲ್ಲ." ಮತ್ತೆ ಅಂದರು, "ಅದನ್ನ ಹಾಡ್ಯಾನ್ರಿ ಅವ. ಇನಮ್ಯಾಲ ಹೊತ್ತಿಗಿ ಸರಿಯಾಗಿ ತಾ ಅಂದಾನೋ, ಇನಮ್ಯಾಲ ಬೈಯೂದಿಲ್ಲ ಅಂದಾನೋ."

ನನ್ನ ಕೈಯಲ್ಲಿದ್ದ ಟಾರ್ಚು ಕೆಳಗಿಳಿದಿತ್ತು. ಆಕೆ ಅದನ್ನು ನೋಡಿ, ನನ್ನ ಮಣಿಕಟ್ಟು ಹಿಡಿದು ಮತ್ತೆ ಮೊದಲಿನ ಮಟ್ಟಕ್ಕೆ ಎತ್ತಿದರು.

"ಇದ್ದಷ್ಟು ಇನ್ನೊಮ್ಮೆ ಓದ್ರಿ."

ಓದಿದೆ. ಇನಮ್ಯಾಲ ಎಂಬಲ್ಲಿ ನಿಲ್ಲಿಸಿದೆ. ಈ ಸಲ ಮುಂದಿನದು ಬರಬಹುದೇನೋ ಅನ್ನುವಂತೆ ಆಕೆ ನನ್ನ ಬಾಯನ್ನೇ ನೋಡುತ್ತಿದ್ದರು.

"ಇನ್ನೊಮ್ಮೆ," ಅಂದರು.